ಅಕ್ಕತಂಗಿಯರಿಲ್ಲದ ಆಟಗಾರ

ಗಂಡಸರು ನಾಲ್ಕು ಮಂದಿ ಕೂತು ಮಾತಾಡುತ್ತಿದ್ದರೆ ಅದೇನೆಂದು ತಿಳಿದುಕೊಳ್ಳುವವರೆಗೆ ನನಗೆ ಸಮಾಧಾನವಿರುತ್ತಿರಲಿಲ್ಲ. ಹುಟ್ಟಿನಿಂದ ಬಂದ ರೋಗ ಅದು. ತಿಳವಳ್ಳಿಯಲ್ಲಿದ್ದಾಗ ಅವ್ವ ಬೈದು ಬೈದು ಸಾಕಾಗಿ, "ಗಂಡನ ಮನಿಗೆ ಹೋಗು, ಅವರ ನಿನ್ನ ಕಿವಿ ಹಿಂಡ್ತಾರ" ಎಂದು ಬಿಟ್ಟುಬಿಟ್ಟಿದ್ದಳು. ಆದರೆ ಶಿಗ್ಗಾಂವಿಗೆ ಸೊಸೆಯಾಗಿ ಬಂದ ಮೇಲೆ ಆ ರೋಗಕ್ಕೆ ಮದ್ದು ಸಿಗುವ ಬದಲು ಒಳ್ಳೆಯ ಮೇವು ಸಿಕ್ಕಿತು. ಮಾವನವರ ಪಡಸಾಲೆಯಲ್ಲಿ ಊರಿನ ಅರ್ಧ ನ್ಯಾಯ ತೀರುತ್ತಿತ್ತು. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲು, ಬಾಗಿಲಿಗೆ ಒಂದು ಪರದೆ. ಪರದೆ ಇದ್ದದ್ದು ಕಣ್ಣಿಗೆ. ಕಿವಿಗೆ ಯಾರೂ ಏನೂ ಕಟ್ಟಿರಲಿಲ್ಲ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಕೆಮ್ಮುತ್ತ ಓಡುತ್ತಿದ್ದವು. ಆದರೂ ನಮ್ಮ ಸೀಮೆಯ ಗಂಡಸರಿಗೆ ಹುತುತು ಆಟದ ಹುಚ್ಚು ಕಡಿಮೆಯಾಗಿರಲಿಲ್ಲ. ಈಗ ನೀವು ಕಬಡ್ಡಿ ಎನ್ನುವುದನ್ನೇ ನಾವು ಆಗ ಹುತುತು ಎನ್ನುತ್ತಿದ್ದೆವು. ಯುಗಾದಿ ಮುಗಿದ ಮೇಲೆ ಹೊಲದ ಕೆಲಸ ಸಡಿಲಾದಾಗ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆಯಿಂದ ಒಳ್ಳೆಯ ಆಟಗಾರರನ್ನು ಆರಿಸಿ ಒಂದು ತಂಡ ಕಟ್ಟಿ, ಹಾವೇರಿಯಲ್ಲಿ ರೈಲು ಹತ್ತಿಸಿ ಬೆಳಗಾವಿ, ಮಿರಜ, ಕೊಲ್ಹಾಪುರದ ಕಡೆ ಆಡಲು ಕಳಿಸುವುದು ಪದ್ಧತಿ. ಸವಣೂರು ನವಾಬರದು, ಉಳಿದ ಮೂರು ಇಂಗ್ರೇಜರವು. ಆಟಕ್ಕೆ ಮಾತ್ರ ನಾಲ್ಕೂ ಒಂದೇ.

ಒಂದೇ ಎಂದೆನಲ್ಲ, ಅದು ಬಾಯಿಮಾತು. ಹಿಂದಿನ ವರ್ಷ ಆರಿಸಲು ಕೂತ ನಾಲ್ಕೂ ಊರಿನ ಹಿರಿಯರು ತಮ್ಮ ತಮ್ಮ ಊರಿನವರನ್ನೇ ಹೊಗಳಿ ಹೊಗಳಿ, ಕೊನೆಗೆ ಒಬ್ಬರ ರುಮಾಲು ಇನ್ನೊಬ್ಬರ ಕಾಲ ಕೆಳಗೆ ಬಿದ್ದು, ತಂಡವೇ ಹೊರಟಿರಲಿಲ್ಲ. ಮಿರಜಿನವರು ಅಂಗಳ ಕೆತ್ತಿ ನೀರು ಹೊಡೆದು ಕಾದದ್ದೇ ಬಂತು. ಆದ್ದರಿಂದ ಈ ವರ್ಷ ನಮ್ಮ ಮಾವನವರು ಒಂದು ಕಟ್ಟಳೆ ಮಾಡಿದರು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ಊರವರಿಗೂ ಹಂಗ. ಅದಕ್ಕ ತಮ್ಮ ಊರ ಕಡೆ ಹುಡುಗನ ಬಗ್ಗೆ ಯಾರೂ ಬಾಯಿ ಬಿಚ್ಚಬಾರದು. ಬ್ಯಾರೆ ಊರವರು ಎದ್ದು ಇವ ಬೇಕು ಅಂದ್ರ ಮಾತ್ರ ಅವ ತಂಡಕ್ಕ ಬಂದ. ಇಲ್ಲಂದ್ರ ಇಲ್ಲ."

ಎಲ್ಲರೂ ತಲೆದೂಗಿದರು. ಇಂಥ ನ್ಯಾಯ ಎಲ್ಲೂ ಕಂಡಿಲ್ಲ ಎಂದು ಹಾನಗಲ್ಲಿನ ಹಿರಿಯರು ಹೇಳಿಕಳಿಸಿದರಂತೆ. ನನಗೂ ಹೌದಲ್ಲ, ಎಷ್ಟು ಚೆಂದದ ಯೋಚನೆ ಎನ್ನಿಸಿತು. ಮಾವನವರ ಬುದ್ಧಿಯ ಬಗ್ಗೆ ಹೆಮ್ಮೆಯೂ ಆಯಿತು.

ಆರಿಸುವ ದಿನಕ್ಕೆ ಒಂದು ದಿನ ಮೊದಲೇ ನನ್ನ ತಮ್ಮ ತಿಳವಳ್ಳಿಯಿಂದ ಬಂದ. ಅವನೂ ಆಟಗಾರ, ಹಾನಗಲ್ಲಿನ ಕಡೆಯವನು. ಉದ್ದ ಕಾಲು, ಒಳ್ಳೆಯ ದಮ್ಮು. ಎದುರಾಳಿಯ ಅಂಗಳಕ್ಕೆ ನುಗ್ಗಿದರೆ ಹಿಂದಿನ ಗೆರೆ ಮುಟ್ಟಿ ಬರುವವನು. ಬಂದವನೇ ಕೈಕಾಲು ತೊಳೆಯದೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಮಾವಾರಿಗೆ ನನ್ನ ಸಲುವಾಗಿ ಒಂದ ಮಾತು ಹೇಳ. ಈ ಸಲ ಬಿಟ್ರ ಇಲ್ಲ. ಬರೂ ವರ್ಷ ಅಪ್ಪ ಮದಿವಿ ಮಾಡಿ ಕಮತಕ್ಕ ಹೂಡ್ತಾನ. ಒಮ್ಮೆ ಕೊಲ್ಹಾಪುರ ನೋಡಿ ಬರ್ತೇನಿ."

ಚಿಕ್ಕಂದಿನಿಂದ ಏನನ್ನೂ ಬೇಡಿದವನಲ್ಲ. ನನಗಂತೂ ಅವನು ಹೋಗಲೇಬೇಕು ಎನ್ನಿಸಿತು. ಸಂಜೆ ಮಾವನವರಿಗೆ ಚಹಾ ಕೊಡುವಾಗ ಸೆರಗು ಸರಿಮಾಡಿಕೊಂಡು ಹೇಳಿಯೇ ಬಿಟ್ಟೆ. ಅವರು ಬಟ್ಟಲು ಊದುತ್ತ, "ನೋಡೂಣು ತಗೀವಾ, ನಾ ಮಾತಾಡ್ತೇನಿ" ಎಂದರು. ನಮ್ಮಲ್ಲಿ ಸೊಸೆಯ ತವರಿನವರಿಗೆ ಇಲ್ಲ ಎನ್ನುವುದು ಎಂದರೆ ಸೊಸೆಗೇ ಇಲ್ಲ ಎಂದಂತೆ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಪರೀಕ್ಷೆಯ ಆಟ. ನಾನು ಮೆಣಸಿನಕಾಯಿ ಹರಡುವ ನೆಪ ಮಾಡಿ ಮಾಳಿಗೆ ಹತ್ತಿದೆ. ಅಲ್ಲಿಂದ ಇಡೀ ಅಂಗಳ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ನನ್ನ ತಮ್ಮ ಚೆನ್ನಾಗಿಯೇ ಆಡಿದ. ಆದರೆ ಎದುರು ತಂಡದಲ್ಲಿ ಒಬ್ಬ ಗಿಡ್ಡ ಹುಡುಗನಿದ್ದ. ಹಿರೇಬೆಂಡಿಗೇರಿಯವನು, ಅಂದರೆ ಶಿಗ್ಗಾಂವಿಯ ಕಡೆಯವನೇ. ತಂದೆತಾಯಿ ಇಲ್ಲ, ಚಿಕ್ಕಪ್ಪನ ಎತ್ತು ಕಾಯ್ದುಕೊಂಡು ಬೆಳೆದವನು. ಎಲ್ಲರೂ ಆರ್ಭಟಿಸುತ್ತ ಓಡಾಡುತ್ತಿದ್ದರೆ ಇವನು ಮೂಲೆಯಲ್ಲಿ ಮಂಡಿ ಬಾಗಿಸಿ ಸುಮ್ಮನೆ ನಿಂತಿರುತ್ತಿದ್ದ. ನನ್ನ ತಮ್ಮ ಒಳಗೆ ಬಂದು ಕೈ ಬೀಸಿ ತಿರುಗುವಷ್ಟರಲ್ಲಿ ಅವನ ಹಿಮ್ಮಡಿ ಇವನ ಕೈಯಲ್ಲಿ. ಮತ್ತೆ ಬಂದ, ಮತ್ತೆ ಹಿಡಿದ. ತಮ್ಮ ದಮ್ಮು ಕಡಿದು ಮಣ್ಣಿನಲ್ಲಿ ಕೂತಾಗ ನನಗೆ ಆ ಗಿಡ್ಡನ ಮೇಲೆ ಸಿಟ್ಟೇ ಬಂತು. ಸಿಟ್ಟಿನ ಬೆನ್ನಿಗೇ, ಇವನಿಗೆ ತಮ್ಮ ತಿರುಗುವುದು ಮೊದಲೇ ಹೇಗೆ ಗೊತ್ತಾಗುತ್ತದೆ ಎಂಬ ಕುತೂಹಲ. ಮೆಣಸಿನಕಾಯಿ ಹಾಗೇ ರಾಶಿಯಾಗಿ ಬಿದ್ದಿತ್ತು.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ನಾಲ್ವರು ಕೂತರು: ನಮ್ಮ ಮಾವನವರು, ಹಾನಗಲ್ಲಿನ ಹಿರಿಯರು, ಸವಣೂರಿನ ಎಲೆ ವ್ಯಾಪಾರಿ, ಹಿರೇಕೆರೂರಿನ ಗೌಡರು. ಆಟಗಾರರು ಹೊರಗೆ ಕಟ್ಟೆಯ ಮೇಲೆ. ಒಳಗೆ ನಾನು ಮತ್ತು ಅತ್ತೆ ಮಂಡಕ್ಕಿಗೆ ಒಗ್ಗರಣೆ ಕೊಡುತ್ತಿದ್ದೆವು.

ಅವರ ಮಾತು ಕೇಳುತ್ತ ನನಗೆ ಒಳಗೊಳಗೇ ನಗು. ಮೂರು ವರ್ಷದ ಕೆಳಗೆ ಇದೇ ಮಾವನವರು ಇಂಥದೇ ಜಮಖಾನೆಯ ಮೇಲೆ ಕೂತು ನನ್ನನ್ನು ನೋಡಿದ್ದರು. ನಡೆ ನೋಡಿದರು, ಹಾಡಿಸಿದರು, ಸೂಜಿಗೆ ದಾರ ಪೋಣಿಸಲು ಹೇಳಿ ಕಣ್ಣು ಪರೀಕ್ಷಿಸಿದರು. ಈಗ ಹುಡುಗರ ಸರದಿ. "ಕಾಲು ಗಟ್ಟಿ ಅದಾವ." "ಮೈ ಕೈ ತುಂಬಿಕೊಂಡಾನ." "ಮನೆತನ ಛಲೋ." ಆಟಕ್ಕೂ ಮನೆತನಕ್ಕೂ ಏನು ಸಂಬಂಧ ಎಂದು ನಾನು ಕಿವಿ ಇನ್ನಷ್ಟು ಅಗಲಿಸಿದೆ.

ಆಗ ಅತ್ತೆ ಉಳ್ಳಾಗಡ್ಡಿ ಹೆಚ್ಚುತ್ತ ತಮ್ಮಷ್ಟಕ್ಕೆ ತಾವು ಶುರುಮಾಡಿದರು. ಹಾನಗಲ್ಲಿನ ಹಿರಿಯರು ಸವಣೂರಿನ ಒಬ್ಬನನ್ನು ಬಾಯ್ತುಂಬ ಹೊಗಳಿದ ಕೂಡಲೆ, "ಹೊಗಳದ ಏನ್ ಮಾಡ್ತಾರ, ಅವ ಇವರ ಹೆಂಡ್ತಿ ತಮ್ಮ ಅಲ್ಲೇನು" ಎಂದರು. ಸವಣೂರಿನವರು ಹಿರೇಕೆರೂರಿನವನನ್ನು ಎತ್ತಿ ಹಿಡಿದಾಗ, "ಅವ ಇವರ ಮಗಳ ಮೈದುನ." ಗೌಡರು ಹಾನಗಲ್ಲಿನವನು ಬೇಕೇ ಬೇಕೆಂದಾಗ, "ಅವನ ಅಕ್ಕನ್ನ ಗೌಡರ ಅಣ್ಣನ ಮಗಗ ಕೊಟ್ಟಾರ. ಆ ಮದಿವ್ಯಾಗ ಹೋಳಿಗಿ ಸಾಲದ ನಾವು ಅನ್ನ ಸಾರು ಉಂಡು ಬಂದ್ವಿ."

ನಾನು ಸೌಟು ಹಿಡಿದುಕೊಂಡು ನಿಂತುಬಿಟ್ಟೆ. ತಮ್ಮ ಊರಿನವನನ್ನು ಹೊಗಳಬಾರದು, ಸರಿ. ಆದರೆ ನಮ್ಮಲ್ಲಿ ಹೆಣ್ಣನ್ನು ಯಾರೂ ತಮ್ಮ ಊರಿಗೆ ಕೊಡುವುದಿಲ್ಲವಲ್ಲ! ಬೀಗರು ಎಂದರೆ ಬೇರೆ ಊರಿನವರೇ. ಮಾವನವರು ಊರಿನ ಮೋಹಕ್ಕೆ ಬಾಗಿಲು ಹಾಕಿ, ನೆಂಟಸ್ತನಕ್ಕೆ ಹೆಬ್ಬಾಗಿಲನ್ನೇ ತೆರೆದಿದ್ದರು. ಕಟ್ಟಳೆ ಮಾಡುವಾಗ ನಾಲ್ಕು ಜನ ತಿಳಿದ ಗಂಡಸರಿಗೆ ಹೊಳೆಯದೆ ಹೋದದ್ದು ಉಳ್ಳಾಗಡ್ಡಿ ಹೆಚ್ಚುವ ಅತ್ತೆಗೆ ಗೊತ್ತಿತ್ತು, ಆದರೆ ಅದರಲ್ಲಿ ತಪ್ಪೇನಿದೆ ಎಂದು ಮಾತ್ರ ಅವರಿಗೆ ಅನ್ನಿಸಿರಲಿಲ್ಲ. ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು.

ಎಂಟು ಜನ ಆರಿಸಿಯಾಯಿತು. ಬೇಕಾದದ್ದು ಒಂಬತ್ತು. ಉಳಿದ ಒಂದು ಜಾಗಕ್ಕೆ ಇಬ್ಬರು, ನನ್ನ ತಮ್ಮ ಮತ್ತು ಹಿರೇಬೆಂಡಿಗೇರಿಯ ಗಿಡ್ಡ. ಮಾವನವರು ನನಗೆ ಕೊಟ್ಟ ಮಾತಿನಂತೆ ನನ್ನ ತಮ್ಮನ ಪರವಾಗಿ ಮಾತಾಡಿದರು. ಧ್ವನಿಯಲ್ಲಿ ಉಪ್ಪಿರಲಿಲ್ಲ. ಬೆಳಗಿನ ಆಟವನ್ನು ಅವರೂ ನೋಡಿದ್ದರು, ಗಿಡ್ಡನನ್ನು ಸಣ್ಣವನಿದ್ದಾಗಿನಿಂದ ಬಲ್ಲವರೂ ಅವರೇ. ಆದರೆ ತಾವೇ ಹಾಕಿದ ಕಟ್ಟಳೆ ಅವರ ಬಾಯಿ ಕಟ್ಟಿತ್ತು.

"ಹಿರೇಬೆಂಡಿಗೇರಿ ಹುಡುಗನ ಪರ ಯಾರರೆ ಮಾತಾಡ್ತೀರೇನ್ರಿ?" ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಯಾರಾದರೂ ಮಾತಾಡಲಿ ಎಂಬ ಆಸೆ ಇತ್ತು.

ಸವಣೂರಿನವರು ಎಲೆಗೆ ಸುಣ್ಣ ಹಚ್ಚುತ್ತ, "ಅವನ ಅಕ್ಕತಂಗ್ಯಾರನ್ನ ಯಾ ಊರಿಗೆ ಕೊಟ್ಟಾರ್ರಿ?" ಎಂದರು. ಗೌಡರು ನಕ್ಕರು. "ಅಕ್ಕತಂಗ್ಯಾರ ಇಲ್ಲ ಅವಗ. ಒಂಟಿ ಬಡಿಗಿ."

ಆ ನಗು ನನ್ನ ಮೈಗೆ ಹತ್ತಿತು. ಸಿಟ್ಟು ನೆತ್ತಿಗೇರಿದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಪರದೆಯ ಹತ್ತಿರ ಬಂದು ನಿಂತಿದ್ದೆ. ಅಲ್ಲಿ ಒಂದು ಗಳಿಗೆ ತಡೆದೆ. ನನಗೆ ಎಲ್ಲವೂ ಸ್ಪಷ್ಟವಾಗಿ ತಿಳಿದಿತ್ತು. ತಮ್ಮ ಮುನಿದರೆ ಹೆಣ್ಣಿಗೆ ತವರಿನ ದಾರಿ ಮುಚ್ಚಿದಂತೆಯೇ. ಅವನು ಹೊರಗೆ ಕಟ್ಟೆಯ ಮೇಲೆ, ಕಿಟಕಿಯ ಆಚೆ, ಎಲ್ಲ ಕೇಳಿಸುವಷ್ಟು ಹತ್ತಿರ ಕೂತಿದ್ದ. ಸುಮ್ಮನಿದ್ದರೆ ಸಾಕಿತ್ತು, ಅವನು ಕೊಲ್ಹಾಪುರ ನೋಡುತ್ತಿದ್ದ.

"ನಾ ಮಾತಾಡ್ತೇನ್ರಿ" ಎಂದೆ.

ಅತ್ತೆ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಹಾನಗಲ್ಲಿನ ಹಿರಿಯರು ಗಂಟಲು ಸರಿಮಾಡಿಕೊಂಡು, "ನೀ ಶಿಗ್ಗಾಂವಿ ಸೊಸಿ ಅಲ್ಲೇನವಾ? ಅವನೂ ಈ ಕಡೆಯವನ. ನೀ ಅವನ ಸುದ್ದಿ ಎತ್ತಾಂಗಿಲ್ಲ. ಬೇಕಾದ್ರ ತಮ್ಮನ ಪರ ಮಾತಾಡು" ಎಂದರು. ಪಾಪ, ನನಗೆ ಒಳ್ಳೆಯದಾಗಲೆಂದೇ ಹೇಳಿದರು.

"ಇಲ್ಲರಿ. ನಾ ತಿಳವಳ್ಳಿ ಮಗಳು. ಹಾನಗಲ್ಲ ಕಡೆಯಾಕಿ. ತಮ್ಮನ ಬಗ್ಗೆ ನಾ ಬಾಯಿ ಬಿಚ್ಚಬಾರದು. ಹಿರೇಬೆಂಡಿಗೇರಿಯವನ ಪರ ಮಾತಾಡಬಹುದು."

ಮಾವನವರೇ, "ಮಾತಾಡವಾ" ಎಂದರು.

ದೊಡ್ಡ ಭಾಷಣವೇನೂ ಬರಲಿಲ್ಲ. "ನನ್ನ ತಮ್ಮ ಇವತ್ತ ಯಾರ ಕೈಗೂ ಸಿಗಲಿಲ್ಲರಿ. ಅವನೊಬ್ಬನ ಕೈಗೆ ಸಿಕ್ಕ, ಹೋದಾಗೊಮ್ಮೆ ಸಿಕ್ಕ. ನಾ ಮಾಳಿಗಿ ಮ್ಯಾಲಿಂದ ನೋಡೇನಿ, ನೀವು ಎದುರಿಗೇ ಕುಂತು ನೋಡೀರಿ. ಕೊಲ್ಹಾಪುರದಾಗ ಹಿಡಿಯಾವರು ಬೇಕೋ, ಬೀಗರು ಬೇಕೋ, ನೀವ ಹೇಳ್ರಿ."

ಹೇಳಿ ಒಲೆಯ ಹತ್ತಿರ ಬಂದು ಕೂತೆ. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಒಂಬತ್ತನೆಯವನು ಹಿರೇಬೆಂಡಿಗೇರಿಯವನು ಎಂದು ಮಾವನವರು ಹೊರಗೆ ಹೋಗಿ ಕೂಗಿ ಹೇಳಿದ್ದು ಕೇಳಿಸಿತು. ಅತ್ತೆ ಮಂಡಕ್ಕಿಯ ತಾಟು ಎತ್ತಿಕೊಂಡು, "ಒಡಹುಟ್ಟಿದವನ್ನ ಕೆಡವಿದೆಲ್ಲ ಹುಚ್ಚವ್ವಾ" ಎಂದರು. ಬೈಗುಳವೋ ಮರುಕವೋ ನನಗೆ ತಿಳಿಯಲಿಲ್ಲ.

ತಮ್ಮ ಮಂಡಕ್ಕಿಯನ್ನೂ ಮುಟ್ಟದೆ, ನನ್ನ ಮುಖವನ್ನೂ ನೋಡದೆ ಆಗಲೇ ಊರಿಗೆ ಹೊರಟ. ನಾನು ಹಿತ್ತಲ ಬಾಗಿಲಿನವರೆಗೆ ರೊಟ್ಟಿಯ ಗಂಟು ಹಿಡಿದು ಓಡಿದೆ. "ಅವಗ ಕೊಡು ಹೋಗು. ಅವಗೊಬ್ಬಾಕಿ ಅಕ್ಕ ಸಿಕ್ಕಾಳಲ್ಲ" ಎಂದ. ಆ ಮಾತು ಬಹಳ ದಿನ ನನ್ನ ಊಟಕ್ಕೆ ಅಡ್ಡ ಬಂತು. ಅವ್ವನಿಂದಲೂ ಸುದ್ದಿಯಿಲ್ಲ. ಸಂತೆಗೆ ಬಂದವರ ಬಾಯಲ್ಲಿ, "ನಿಮ್ಮ ಅವ್ವಗ ಭಾಳ ಬ್ಯಾಸರಾಗೇತಿ" ಎಂಬುದಷ್ಟೇ ಬಂತು.

ತಂಡ ಹೋಗಿ ಬಂತು. ಮಿರಜಿನಲ್ಲಿ ಗೆದ್ದರು, ಕೊಲ್ಹಾಪುರದಲ್ಲಿ ಚೆನ್ನಾಗಿ ಪೆಟ್ಟು ತಿಂದು ಸೋತರು. ಗಿಡ್ಡ ಮಾತ್ರ ಅಲ್ಲಿಯ ಗರಡಿಯ ಪೈಲ್ವಾನರಂಥವರನ್ನು ಕಾಲು ಹಿಡಿದು ಕೆಡವಿದನಂತೆ. ಬಂದವನು ಮಾವನವರ ಕಾಲಿಗೆ ನಮಸ್ಕಾರ ಮಾಡಿ ಹೋದ. ಅವನಿಗಾಗಿ ಮಾತಾಡಿದ್ದು ಯಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ನಾನೂ ತಿಳಿಸಲು ಹೋಗಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುವುದು ನಮ್ಮ ಸೀಮೆಯ ರೂಢಿ. ಓಣಿಯ ಸೊಸೆಯಂದಿರು ಒಬ್ಬೊಬ್ಬರಾಗಿ ಹೊರಟರು. ಎದುರು ಮನೆಯವಳು, ಮೂಲೆ ಮನೆಯವಳು, ಹೋದ ವರ್ಷ ಬಂದ ಹೊಸ ಸೊಸೆ ಕೂಡ. ನಾನು ಬೀಸುವ ಕಲ್ಲಿನ ಮುಂದೆ ಕೂತು ಯಾವ ಗಾಡಿಯ ಗಂಟೆ ಕೇಳಿದರೂ ಕೈ ನಿಲ್ಲಿಸುತ್ತಿದ್ದೆ. ಅತ್ತೆ ನೋಡಿಯೂ ನೋಡದವರಂತೆ ಇರುತ್ತಿದ್ದರು. ನಾನು ತಪ್ಪು ಮಾಡಿದೆನೇ ಎಂದು ಎಷ್ಟು ಸಲ ಕೇಳಿಕೊಂಡರೂ ಇಲ್ಲವೆಂದೇ ಉತ್ತರ ಬರುತ್ತಿತ್ತು. ಇಲ್ಲವೆಂದು ಬಂದಾಗಲೂ ಅಳು ಮಾತ್ರ ನಿಲ್ಲುತ್ತಿರಲಿಲ್ಲ.

ಹಬ್ಬಕ್ಕೆ ಎರಡು ದಿನವಿದ್ದಾಗ ಮಧ್ಯಾಹ್ನ ಜಿಟಿಜಿಟಿ ಮಳೆಯಲ್ಲಿ ಒಂದು ಗಾಡಿ ಬಾಗಿಲಿಗೆ ಬಂದು ನಿಂತಿತು. ತಮ್ಮ ಕಂಬಳಿ ಹೊದ್ದುಕೊಂಡು ಹಗ್ಗ ಹಿಡಿದಿದ್ದ. ಇಳಿಯಲಿಲ್ಲ. ಹೊಸ್ತಿಲಲ್ಲಿ ನಿಂತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಎತ್ತಿಗೆ ಹೇಳುವವನಂತೆ ಮುಖ ತಿರುಗಿಸಿಕೊಂಡು ಕೇಳಿದ:

"ಇವತ್ತ ಯಾ ಊರಾಕಿ ನೀ? ತಿಳವಳ್ಳಿಯಾಕಿ ಆದ್ರ ಗಾಡಿ ಹತ್ತು."

ಅತ್ತೆಗೆ ಹೇಳುವುದನ್ನೂ ಮರೆತು, ಹಿಟ್ಟಿನ ಕೈಯಲ್ಲೇ ಗಾಡಿ ಹತ್ತಿ ಕೂತೆ.