ಏಳನೇ ಕೊಳವೆ

ಗಣಿಯ ಕಚೇರಿಯಲ್ಲಿ ಅವಳ ಹುದ್ದೆಯ ಹೆಸರು ಬಾಗಿಲ ಫಲಕದ ಮೇಲೆ ಎರಡು ಸಾಲು ಹಿಡಿಯುತ್ತಿತ್ತು. ಪರಿಸರ, ಸಮುದಾಯ, ಹೊಣೆಗಾರಿಕೆ, ಇನ್ನೂ ಏನೇನೋ. ಊರಿನವರ ಬಾಯಿಗೆ ಅದು ಹೊರಳುತ್ತಿರಲಿಲ್ಲ. ಮನೆಮನೆಯ ತಾರಸಿ ಹತ್ತಿ, ಧೂಳು ಎಷ್ಟು ಕೂತಿದೆ ಎಂದು ಅಳೆದುಕೊಂಡು ತಿರುಗುವವಳು ತಾನೇ, ‘ಧೂಳಕ್ಕ’ ಅಂದರು, ಅದೇ ನಿಂತಿತು.

ಹದಿನಾರು ವರ್ಷದ ಹಿಂದೆ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆಯುತ್ತಿದ್ದವಳು, ಬಾವಿ ನೀರು ಪರೀಕ್ಷಿಸುವ ಕೆಲಸಕ್ಕೆಂದು ಗಣಿಗೆ ಬಂದಿದ್ದಳು. ಈಗ ಬೇರೆ ಗಣಿಗಳವರೂ ಅವಳ ಹತ್ತಿರ ಕಲಿಯಲು ಬರುತ್ತಿದ್ದರು. ಆದರೆ ಒಂದು ಕಡೆ ಕೂತು ಪಾಠ ಹೇಳುವ ಜಾಯಮಾನ ಅವಳದ್ದಲ್ಲ. ಕೇಳಬೇಕಾದವರು ಹಿಂದೆ ಹಿಂದೆ ನಡೆಯಬೇಕು. ಊಟದ ತಟ್ಟೆ ಮುಂದಿದ್ದರೂ ಒಂದು ಕಾಲು ಬಾಗಿಲ ಕಡೆಗೇ.

“ನಿನ್ನ ಕಾಲಿಗೇನು ಚಕ್ರ ಕಟ್ಟಿದ್ದಾರಾ?” ಅನ್ನುತ್ತಿದ್ದರು ಅತ್ತೆ. “ಹೆರಿಗೆ ಹೊತ್ತಲ್ಲೂ ಇವಳು ಮಲಗಲಿಲ್ಲ, ವಾರ್ಡ್ ಪೂರ್ತಿ ಸುತ್ತಿದಳು!”

ಅವಳ ನಿದ್ದೆ ಕೆಡಿಸಿದ್ದು ಕೆಸರುಕಟ್ಟೆ. ಅದಿರು ಅರೆದು ತೊಳೆದ ಮೇಲೆ ಉಳಿಯುವ ಬೂದು ಕೆಸರನ್ನು ಗುಡ್ಡದ ಮಗ್ಗುಲಲ್ಲಿ ಮಣ್ಣಿನ ಏರಿ ಹಾಕಿ ತುಂಬಿಸಿಟ್ಟಿದ್ದರು. ಏರಿಯ ಮೈಯಲ್ಲಿ ಹನ್ನೆರಡು ಕೊಳವೆ ಇಳಿಬಿಟ್ಟಿದ್ದರು, ಒಳಗಿನ ನೀರು ಎಲ್ಲಿಯವರೆಗೆ ಏರಿದೆ ಎಂದು ನೋಡುವುದಕ್ಕೆ. ಏರಿಯ ಕೆಳಗೆ ಅರವತ್ತು ಮನೆಗಳ ಒಂದು ಬೀದಿ. ಏರಿ ಒಡೆಯುವಂತಾದರೆ ಅವರನ್ನು ಗುಡ್ಡ ಹತ್ತಿಸಲು ಒಂದು ಸೈರನ್.

ಆ ವರ್ಷ ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ದಿನವೂ ಸುರಿಯುತ್ತಲೇ ಇತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವಳು ಏಳನೇ ಕೊಳವೆಗೆ ಅಳತೆಪಟ್ಟಿ ಇಳಿಸಿದಳು. ಹಿಂದಿನ ಸಂಜೆಗಿಂತ ನೀರು ಒಂದೂವರೆ ಮೀಟರ್ ಮೇಲೆ. ತಪ್ಪಿರಬೇಕು ಎಂದು ಮತ್ತೆ ಇಳಿಸಿದಳು. ಆಗಲೂ ಅಷ್ಟೇ ಬಂತು. ಏರಿಯ ಬುಡಕ್ಕೆ ಓಡಿದಳು. ಅಲ್ಲಿ ಸದಾ ಸಣ್ಣಗೆ ನೀರು ಜಿನುಗುತ್ತಿತ್ತು, ಅದು ಹೊಸದಲ್ಲ. ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿದಳು. ತಿಳಿನೀರಾದರೆ ಏರಿ ಬೆವರುತ್ತಿದೆ ಎಂದರ್ಥ, ಭಯವಿಲ್ಲ. ಬಾಟಲಿಯಲ್ಲಿದ್ದದ್ದು ಕಲಕಿದ ನೀರು. ಏರಿಯ ಹೊಟ್ಟೆಯೊಳಗಿನ ಮಣ್ಣೇ ಕರಗಿ ಬರುತ್ತಿತ್ತು.

ಮ್ಯಾನೇಜರಿಗೆ ಫೋನ್ ಮಾಡಿದಳು. ಜವಾಬ್ದಾರಿಯುತ ಗಣಿಗಾರಿಕೆಗೆ ಕೊಡುವ ಪ್ರಮಾಣಪತ್ರದ ಪರಿಶೀಲಕರು ಅಂದೇ ಬಂದಿದ್ದರು. ಅವರ ಎದುರಿಗೇ ಇದ್ದ ಮ್ಯಾನೇಜರು ಪಿಸುದನಿಯಲ್ಲಿ ಮಾತಾಡಿದರು.

“ಮಳೆಗೆ ಮೇಲಿನ ಮಣ್ಣು ತೊಳೆದು ಬಂದಿರಬಹುದಲ್ಲಮ್ಮ. ಅರ್ಧ ಗಂಟೆ ತಡಿ, ನಾನೇ ಬಂದು ನೋಡ್ತೀನಿ.”

“ಸರ್, ಅರ್ಧ ಗಂಟೆ ಇಲ್ದೇ ಇದ್ರೆ?”

“ಸೈರನ್ ಮಾತ್ರ ಮುಟ್ಬೇಡ. ನನ್ನ ಮಾತಿಲ್ದೆ ಮುಟ್ಟೋ ಹಾಗಿಲ್ಲ, ನಿಂಗೂ ಗೊತ್ತು.”

ಗೊತ್ತಿತ್ತು. ಆ ನಿಯಮ ಬರೆದವಳು ಅವಳೇ. ಸೈರನ್ ಕೋಣೆಯ ಮುಂದೆ ಆಚೆ ಈಚೆ ಶತಪಥ ಹಾಕಿದಳು. ಕೀಲಿ ಅವಳ ಹತ್ತಿರವೇ ಇತ್ತು. ಗಂಡ ಅದೇ ಗಣಿಯ ಲಾರಿ ಮೆಕ್ಯಾನಿಕ್. ಕೆಲಸ ಹೋದರೆ ಇಬ್ಬರ ಅನ್ನವೂ ಒಟ್ಟಿಗೇ ಹೋಗುತ್ತದೆ. ಅದೂ ತಲೆಗೆ ಬಂತು, ಬರಲಿಲ್ಲ ಅಂದರೆ ಸುಳ್ಳು. ಆರು ನಿಮಿಷವಾಯಿತು. ಏಳನೆಯ ನಿಮಿಷಕ್ಕೆ ಬೀಗ ತೆಗೆದು ಒತ್ತಿಯೇಬಿಟ್ಟಳು.

ಬೀದಿಗೆ ಬೀದಿಯೇ ಎದ್ದು ಗುಡ್ಡದ ಮೆಟ್ಟಿಲು ಹತ್ತಿತು. ಒದ್ದೆ ಬಟ್ಟೆಯ ಗಂಟು, ಕಂಕುಳಲ್ಲಿ ಕೂಸು, ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡ ಒಬ್ಬ. ಹದಿನಾಲ್ಕು ನಿಮಿಷಕ್ಕೆ ಬೀದಿ ಖಾಲಿ. ಎಲ್ಲರೂ ಮೇಲೆ ನಿಂತು ಏರಿಯನ್ನೇ ನೋಡಿದರು.

ಏರಿ ಅಲ್ಲಾಡಲಿಲ್ಲ. ಗಂಟೆ ಒಂದಾಯಿತು, ಎರಡಾಯಿತು. ಮಳೆ ನಿಂತಿತು, ಬಿಸಿಲೂ ಬಂತು.

“ಏನಕ್ಕ, ನಮ್ಮನ್ನ ಬಟ್ಟೆ ಒಣಗಿಸೋಕೆ ಕರ್ಸಿದ್ರಾ?” ಎಂದು ಯಾರೋ ಕೂಗಿದರು. ನಗು ಎದ್ದಿತು. ಆದರೆ ಮೆಟ್ಟಿಲ ತಿರುವಿನಲ್ಲಿ ನಗು ಇರಲಿಲ್ಲ. ಗಡಿಯಾರ ರಿಪೇರಿಯ ಮುದುಕ ಅಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ.

ಪರಿಶೀಲಕರು ಪ್ರಮಾಣಪತ್ರ ಕೊಡದೆ ಹೊರಟರು. ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಕಡತಗಳ ಕೋಣೆಯಲ್ಲಿ ಕೂರಿಸಿದರು. ಕೂರುವುದು ಅವಳಿಗೆ ಎಂಥ ಶಿಕ್ಷೆ ಎಂದು ಮ್ಯಾನೇಜರಿಗೆ ಚೆನ್ನಾಗಿ ಗೊತ್ತಿತ್ತು. ಹೊರಗಿನ ಎಂಜಿನಿಯರೊಬ್ಬರು ಬಂದು ಹತ್ತು ದಿನ ಏರಿಯನ್ನು ಕೊರೆದು ನೋಡಿದರು. ಕೆಸರುಕಟ್ಟೆಯ ನೀರನ್ನು ಎರಡು ಮೀಟರ್ ಇಳಿಸಿ ಎಂದು ಬರೆದುಕೊಟ್ಟರು. ಅವರು ಕಾರು ಹತ್ತುವಾಗ ಅವಳು ಅಡ್ಡ ನಿಂತಳು.

“ಸರ್, ಆವತ್ತು ಒಡೀತಿತ್ತಾ?”

“ಹೇಳಕ್ಕಾಗಲ್ಲಮ್ಮ.”

“ಒಡೀತಿರ್ಲಿಲ್ವಾ?”

“ಅದನ್ನೂ ಹೇಳಕ್ಕಾಗಲ್ಲ.”

ಆ ಎರಡು ಮಾತಿನ ನಡುವೆ ಅವಳು ತಿಂಗಳುಗಟ್ಟಲೆ ಒದ್ದಾಡಿದಳು. ಕುಕ್ಕರ್ ಕೂಗಿದರೂ ಎದ್ದು ಬಾಗಿಲಿಗೆ ಓಡುತ್ತಿದ್ದಳು. ಗಂಡ ಮಾತ್ರ, “ನಾನಾಗಿದ್ರೆ ಒತ್ತುತ್ತಿರ್ಲಿಲ್ಲ. ಅದಕ್ಕೇ ನಾನು ಲಾರಿ ರಿಪೇರಿ ಮಾಡ್ತೀನಿ,” ಅಂದ. ಸಮಾಧಾನವೋ ಕೊಂಕೋ ಅವಳಿಗೆ ತಿಳಿಯಲಿಲ್ಲ.

ಮುದುಕನ ಮನೆಗೆ ಮೂರು ಸಲ ಹೋದಳು. ಎರಡು ಸಲ ಅವನ ಹೆಂಡತಿ ಹೊಸ್ತಿಲಲ್ಲೇ ತಡೆದಳು. “ಕಟ್ಟೆ ನೆಟ್ಟಗಿದೆ, ನಮ್ಮನೆಯವರು ನೆಟ್ಟಗಿಲ್ಲ. ಹೋಗಿ ಬರೆದ್ಕೊಳಿ.” ಮೂರನೆಯ ಸಲ ಒಳಗಿನಿಂದ ಮುದುಕನೇ ಕರೆದ. ಮಂಚದ ಮೇಲೆ ಒರಗಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರವೊಂದನ್ನು ಬಿಚ್ಚುತ್ತಿದ್ದ.

“ತಪ್ಪಾಯ್ತು ಅಜ್ಜ,” ಅಂದಳು.

“ಯಾವುದು ತಪ್ಪು? ಒತ್ತಿದ್ದಾ?”

ಮುದುಕ ಗಡಿಯಾರವನ್ನು ಪಕ್ಕಕ್ಕಿಟ್ಟ.

“ಒತ್ತಿದ್ದು ಸರಿನೋ ತಪ್ಪೋ ನಂಗೂ ಗೊತ್ತಿಲ್ಲ ಕಣಮ್ಮ. ಆದ್ರೆ ನಮ್ಮ ಬಾವಿ ಎಷ್ಟು ಆಳ, ತಾರಸಿ ಮೇಲೆ ಎಷ್ಟು ಧೂಳು, ಎಲ್ಲಾ ಬರೆದಿದೀಯ. ಈ ಬೀದೀಲಿ ಮೆಟ್ಲು ಹತ್ತಲಾರದೋರು ಎಷ್ಟು ಜನ, ಬರೆದಿದೀಯಾ?”

ಬರೆದಿರಲಿಲ್ಲ. ಹದಿನಾರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಮರುದಿನದಿಂದ, ಕಚೇರಿ ಮುಗಿದ ಮೇಲೆ, ಯಾರೂ ಹೇಳದೆಯೇ ಆ ಬೀದಿಗೆ ಇಳಿಯತೊಡಗಿದಳು. ಮೆಟ್ಟಿಲು ಹತ್ತಲಾರದವರು ಒಂಬತ್ತು ಜನ ಸಿಕ್ಕಿದರು. ಅವರಲ್ಲಿ ಒಬ್ಬಳಿಗೆ ಕಿವಿಯೂ ಕೇಳದು. ಸೈರನ್ ಕೂಗಿದಾಗ ಒಬ್ಬೊಬ್ಬರನ್ನೂ ಹೊತ್ತೊಯ್ಯಲು ಇಬ್ಬಿಬ್ಬರು ಬೇಕು. ಕೆಲವರು ಒಪ್ಪಿದರು, ಕೆಲವರು ಅವಳನ್ನು ಕಂಡದ್ದೇ ಬಾಗಿಲು ಹಾಕಿಕೊಂಡರು. ಬೀದಿಯ ಕ್ಷೌರಿಕ ಕತ್ತರಿ ನಿಲ್ಲಿಸದೆಯೇ, “ಗಡಿಯಾರದಜ್ಜನ್ನ ನಾನು ಹೊರ್ತೀನಿ. ಇನ್ನೊಬ್ಬನ್ನ ನೀವೇ ಹುಡುಕಿ,” ಅಂದ. ಅವಳು ಅದನ್ನು ಬರೆದುಕೊಂಡು, ಪಕ್ಕದ ಮನೆಯ ಬಾಗಿಲು ತಟ್ಟಿದಳು.