ಹಾಗಲಕಾಯಿ ಪುಡಿಯೂ ನಮ್ಮತ್ತೆಯ ನಾಲಿಗೆಯೂ

ಹಾಗಲಕಾಯಿಯ ಕಹಿಯನ್ನು ಕಡಲೆಯೊಳಗೆ ಬಚ್ಚಿಡುವುದು ನನ್ನ ಉದ್ಯೋಗ. ಕೇಳಿದವರು ನಗುತ್ತಾರೆ, ನಗಲಿ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕಡಲೆಬೇಳೆಯಿಂದ ಪ್ರೋಟೀನ್ ಬೇರ್ಪಡಿಸಿ, ಅದನ್ನು ಹಾಗಲಕಾಯಿ ರಸಕ್ಕೆ ಬೆರೆಸಿ ಒಣಗಿಸುತ್ತೇವೆ. ಆಗ ಪುಡಿಯ ಒಂದೊಂದು ಕಣಕ್ಕೂ ತೆಳುವಾದ ಅಂಗಿ ತೊಡಿಸಿದಂತಾಗುತ್ತದೆ. ಆ ಅಂಗಿ ಬಿಚ್ಚಬೇಕಾದದ್ದು ಹೊಟ್ಟೆಗೆ ಹೋದ ಮೇಲೆ. ನಾಲಿಗೆಗೆ ಸುದ್ದಿಯೇ ಮುಟ್ಟಬಾರದು.

ಮುಟ್ಟಿತೋ ಇಲ್ಲವೋ ಎಂದು ಹೇಳಲು ನಾಲಿಗೆಗಳು ಬೇಕಲ್ಲ. ಪ್ರಯೋಗಾಲಯದವರೆಲ್ಲ ತಿಂದು ತಿಂದು ನಾಲಿಗೆ ಕೆಡಿಸಿಕೊಂಡಿದ್ದರು. “ಹಳ್ಳ್ಯಾಗಿನ ಮಂದಿಗೆ ತಿನ್ನಿಸಿ ನೋಡ್ರಿ. ಅವರೂ ಕಹಿ ಅಂದ್ರ ಈ ಕೆಲಸ ಇಲ್ಲಿಗೇ ಬಿಡೂಣು,” ಎಂದರು ನಮ್ಮ ಮೇಲಧಿಕಾರಿ. ಅಷ್ಟು ದಿನದ ದುಡಿಮೆ ಗಟಾರ ಸೇರುವ ಮಾತು. ಪುಡಿಯನ್ನು ಪುಟಾಣಿ ಚಟ್ನಿಗೆ ಬೆರೆಸಿಕೊಂಡು, ಗಂಡನ ಊರಾದ ಶಲವಡಿಯ ಬಸ್ಸು ಹತ್ತಿದೆ.

ಅತ್ತೆ ಹೊಲಕ್ಕೆ ಹೋದ ಹೊತ್ತು ನೋಡಿ, ನೆರೆಮನೆಯ ಕಾಕಾ, ಕಾಕು ಇಬ್ಬರನ್ನೂ ಕರೆದು ರೊಟ್ಟಿ, ಮೊಸರು, ಎರಡು ಬಗೆಯ ಚಟ್ನಿ ಬಡಿಸಿದೆ. ಒಂದರಲ್ಲಿ ಅಂಗಿ ತೊಟ್ಟ ಪುಡಿ, ಇನ್ನೊಂದರಲ್ಲಿ ಬರೀ ಹಾಗಲಕಾಯಿ. ಯಾವುದು ಕಹಿ ಎಂದು ಹೇಳಿದರೆ ಸಾಕಿತ್ತು. ಕಾಕಾ ಮೊದಲನೆಯದನ್ನು ತಿಂದು, “ಭಾಳ ಛಲೋ ಆಗೇತವ್ವಾ,” ಎಂದರು. ಎರಡನೆಯದನ್ನು ತಿಂದಾಗ ಅವರ ಕಣ್ಣಲ್ಲಿ ನೀರು ಬಂತು. “ಇದು ಅದಕ್ಕಿಂತಾ ಛಲೋ ಐತಿ,” ಎಂದರು. ಕಾಕು ಒಂದು ತಂಬಿಗೆ ನೀರು ಗಟಗಟ ಕುಡಿದು, “ಕಹಿ ಎಲ್ಲೈತಿ? ಏನೂ ಇಲ್ಲ,” ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡರು. ಒಬ್ಬರ ಮನೆಯಲ್ಲಿ ಕೂತು ಉಂಡು ಅಡುಗೆಗೆ ಹೆಸರಿಟ್ಟು ತಪ್ಪು ಹುಡುಕುವ ಜನವಲ್ಲ ಅವರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಮರ್ಯಾದಸ್ತರ ನಡುವೆ ವಿಜ್ಞಾನ ಬೆಳೆಯುವುದಾದರೂ ಹೇಗೆ?

ಆಗ ನೆನಪಾದದ್ದು ನಮ್ಮತ್ತೆ. ಮದುವೆಯಾದಂದಿನಿಂದ ನನ್ನ ಅಡುಗೆಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ರೊಟ್ಟಿ ದಪ್ಪ, ಇಲ್ಲವೇ ಅಂಚು ಹರಿದದ್ದು, ಇಲ್ಲವೇ ಸಾರು ನೀರು. ಹಾಗಲಕಾಯಿಯನ್ನಂತೂ ಹೊಸ್ತಿಲು ದಾಟಲು ಬಿಡುವವರಲ್ಲ. ಸಿಕ್ಕಿಬಿದ್ದರೆ ನನ್ನ ತವರಿನವರೆಲ್ಲರಿಗೂ ಬೈಗುಳ ಖಚಿತ. ಆದರೂ ಮರುದಿನ ಮುಂಜಾನೆ, ಅಂಗಿ ತೊಟ್ಟ ಪುಡಿಯ ಚಟ್ನಿಯನ್ನು ಸದ್ದಿಲ್ಲದೆ ಅವರ ತಾಟಿಗೆ ಹಾಕಿದೆ.

ಅತ್ತೆ ಅಗಿದರು.

“ಉಪ್ಪು ಕಮ್ಮಿ ಆಗೇತಿ.”

“ಮತ್ತ?”

“ಬಳ್ಳೊಳ್ಳಿ ನೆಟ್ಟಗ ಕುಟ್ಟಿಲ್ಲ. ಖಾರಪುಡಿ ಹಳೇದು.”

“ಮತ್ತೇನರ ಐತೇನ್ರಿ ಅತ್ತಿ?”

“ಇಷ್ಟು ಸಾಲಂಗಿಲ್ಲೇನು ನಿನಗ?”

ಕಹಿಯ ಮಾತೇ ಇಲ್ಲ! ಬೈಸಿಕೊಂಡು ಅಷ್ಟು ಖುಷಿಪಟ್ಟ ಸೊಸೆ ಆ ತಾಲೂಕಿನಲ್ಲಿ ಇನ್ನೊಬ್ಬಳಿರಲಾರಳು. ಆ ಖುಷಿಯಲ್ಲಿ ಬಾಯಿ ಸುಮ್ಮನಿರಲಿಲ್ಲ. ಹಾಗಲಕಾಯಿ, ಕಡಲೆಯ ಅಂಗಿ, ನೀವು ಅಷ್ಟು ಹೆಸರಿಟ್ಟರೂ ಕಹಿ ಎನ್ನದ್ದರಿಂದಲೇ ನನ್ನ ಕೆಲಸ ಉಳಿಯಿತು ಎಂಬುದು, ಎಲ್ಲವನ್ನೂ ಒದರಿಬಿಟ್ಟೆ. ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು. ಬೈಯಲಿಲ್ಲ. ಅಲ್ಲಿಯೇ ನಾನು ಹೆದರಬೇಕಿತ್ತು.

ಮುಂದಿನ ಸಲ ಹೊಸ ಪುಡಿಯೊಂದಿಗೆ ಹೋದೆ. ಈ ಸಲ ಅಂಗಿಯನ್ನು ಇನ್ನಷ್ಟು ತೆಳುವಾಗಿಸಿದ್ದೆವು. ಅದು ನಿಲ್ಲುತ್ತದೋ ಇಲ್ಲವೋ ಎಂಬ ಅಳುಕಿತ್ತು. ನೆರೆಮನೆಯತ್ತ ತಿರುಗಿಯೂ ನೋಡದೆ ಚಟ್ನಿಯನ್ನು ನೇರವಾಗಿ ಅತ್ತೆಗೆ ಬಡಿಸಿದೆ. ಅವರು ನಿಧಾನವಾಗಿ ಅಗಿದು, ನುಂಗಿ, ತಾಟನ್ನು ರೊಟ್ಟಿಯ ಚೂರಿನಿಂದ ಒರೆಸಿ ತಿಂದರು.

“ಭಾಳ ಛಲೋ ಆಗೇತಿ,” ಎಂದರು.

ಇಷ್ಟು ವರ್ಷ ಕಾದಿದ್ದ ಮಾತು. ಹೋದ ಸಲ ಕಾಕಾ ಆಡಿದ್ದೂ ಇದೇ ಮಾತು. ಡಬ್ಬಿಯಲ್ಲಿ ಉಳಿದ ಚಟ್ನಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ. ಕಹಿ ನೆತ್ತಿಗೇರಿತು.

ತಲೆ ಎತ್ತಿದರೆ, ಅತ್ತೆ ಮುಖದ ಒಂದು ಗೆರೆಯೂ ಅಲುಗದಂತೆ ತಾಟು ಮುಂದೆ ಹಿಡಿದಿದ್ದರು.

“ಇನ್ನೊಂದೀಟು ಹಾಕು.”