ಮೇಲಿನ ಬೀದಿಗೆ ಆಡಿದ ಅಣ್ಣ

ನಾನು ಚಿಕ್ಕವಳಿದ್ದಾಗ ಇಂಗ್ಲೆಂಡಿನ ಫುಟ್‌ಬಾಲ್ ಟೀಮುಗಳಲ್ಲಿ ದಕ್ಷಿಣ ಅಮೆರಿಕದವರು ಹುಡುಕಿದರೆ ಒಬ್ಬಿಬ್ಬರು ಸಿಗುತ್ತಿದ್ದರು. ಈಗ ಅಮೆರಿಕದ ಸ್ಯಾನ್ ಮಟಿಯೋದಲ್ಲಿ ಶನಿವಾರ ನಾನು ಕಾಫಿಗೆ ಹಾಲಿಡುವ ಹೊತ್ತಿಗೆ ಮೊಮ್ಮಗಳು ತಾರಾ ಟಿವಿ ಹಾಕಿರುತ್ತಾಳೆ. ಬ್ರೆಜಿಲ್ಲಿನವನು ಪಾಸ್ ಕೊಡುತ್ತಾನೆ, ಉರುಗ್ವೆಯವನು ಗೋಲು ಹೊಡೆಯುತ್ತಾನೆ, ಇಂಗ್ಲೆಂಡಿನ ಜನ ಎದ್ದು ಕುಣಿಯುತ್ತಾರೆ.

"ಅವನು ಅವರ ಊರವನಲ್ಲ ಕಣೇ," ಅಂದೆ ಒಂದು ದಿನ.

"ಸೋ ವಾಟ್ ಅಜ್ಜಿ? ಹೀ ಪ್ಲೇಸ್ ಫಾರ್ ದೆಮ್."

ನನಗೆ ಹನ್ನೊಂದು ವರ್ಷವಿದ್ದಾಗ ಅದು ಅಷ್ಟು ಸುಲಭವಿರಲಿಲ್ಲ.

ಬೆಂಗಳೂರಿನಲ್ಲಿ ನಮ್ಮದು ಕೆಳಗಿನ ಬೀದಿ. ಅಲ್ಲಿ ಕ್ರಿಕೆಟ್ಟನ್ನು ಯಾರೂ ಕೇಳುತ್ತಿರಲಿಲ್ಲ, ಎಲ್ಲ ಫುಟ್‌ಬಾಲೇ. ಅಣ್ಣ ಮುನಿರಾಜ ಬರಿಗಾಲಲ್ಲಿ ಆಡುತ್ತಿದ್ದ. ಚರ್ಮದ ಚೆಂಡಿಗೆ ಹರಳೆಣ್ಣೆ ಬಳಿಯುವುದು ನನ್ನ ಕೆಲಸ. ಉಣ್ಣಲು ಕೂತರೂ ಬೆರಳಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅಣ್ಣ ಅನ್ನದ ಅಗುಳು ಹಚ್ಚಿ ಗೋಡೆಗೊಂದು ಚಿತ್ರ ಅಂಟಿಸಿದ್ದ. ಇಂಗ್ಲೆಂಡಿನ ಟೀಮಿಗೆ ಆಡುತ್ತಿದ್ದ ಅರ್ಜೆಂಟೀನಾದವನು.

"ನೋಡೇ, ನನ್ನಷ್ಟೇ ಸಣಕಲ," ಅನ್ನುತ್ತಿದ್ದ.

ಟೂರ್ನಮೆಂಟು ಬಂದರೆ ಬೇರೆ ಬೀದಿಯ ಒಳ್ಳೆ ಆಟಗಾರನನ್ನು ಕೇಳಿ ಕರೆದುಕೊಂಡು ಹೋಗುವುದು ನಮ್ಮ ಕಡೆ ಪದ್ಧತಿ. ಆಡಿದವನಿಗೆ ಬಿರಿಯಾನಿ, ಮನೆಗೂ ಒಂದು ಡಬ್ಬಿ. ಆ ಬೇಸಿಗೆ ನಮ್ಮ ಬೀದಿಯ ಟೀಮು ಇರಲಿಲ್ಲ, ಮೇಲಿನ ಬೀದಿಯವರು ಅಣ್ಣನನ್ನು ಕೇಳಿದರು. ಬೂಟೂ ಕೊಟ್ಟರು, ಅವನ ಕಾಲು ಕಂಡ ಮೊದಲ ಬೂಟು. ಅವನಿಂದಲೇ ಅವರು ಫೈನಲ್ ತಲುಪಿದರು. ಫೈನಲ್ ನೋಡಲು ದೊಡ್ಡ ಕ್ಲಬ್ಬಿನವರು ಬರುತ್ತಾರೆ, ಹುಡುಗರನ್ನು ಆರಿಸುತ್ತಾರೆ ಅಂತ ಸುದ್ದಿ. ಅಣ್ಣನಿಗೆ ಬೇರೇನೂ ತಲೆಯಲ್ಲಿರಲಿಲ್ಲ.

ಅಷ್ಟರಲ್ಲಿ ಎರಡು ಬೀದಿಗೂ ನಲ್ಲಿಯ ಹತ್ತಿರ ಹೊಡೆದಾಟವಾಯಿತು. ಅವರ ಕಡೆಯವನೊಬ್ಬ ಕೊಡದಲ್ಲಿ ನಮ್ಮ ಚಿಕ್ಕಪ್ಪನ ಹಣೆ ಒಡೆದ. ಅದೇ ದಿನಗಳಲ್ಲಿ ಅರ್ಜೆಂಟೀನಾಗೂ ಇಂಗ್ಲೆಂಡಿಗೂ ಯುದ್ಧ. ಗೋಡೆಯ ಮೇಲಿನ ಆಟಗಾರನಿಗೆ ಅಲ್ಲಿನ ಮೈದಾನದಲ್ಲಿ ಛೀ ಥೂ ಅಂತ ಕೂಗಿದರಂತೆ, ಅವನು ಫ್ರಾನ್ಸಿಗೆ ಹೋದನಂತೆ.

"ಆ ಬೀದಿಗೆ ಆಡಿದ್ರೆ ಈ ಮನೇಲಿ ಊಟ ಇಲ್ಲ," ಅಂದರು ಅಪ್ಪ.

"ಮಾತು ಕೊಟ್ಬಿಟ್ಟಿದೀನಪ್ಪ."

"ಚಿಕ್ಕಪ್ಪನ ಹಣೆಗೆ ಹೊಲಿಗೆ ಹಾಕಿದಾರೆ. ಅದನ್ನ ನೋಡ್ದ್ಯಾ?"

ಅಣ್ಣ ಆಡಲು ಹೋದ. ನಾನೂ ಹಿಂದೆ ಹೋದೆ. ಅವನು ಮೈದಾನಕ್ಕೆ ಇಳಿದದ್ದೇ ನಮ್ಮ ಬೀದಿಯವರು, "ಬಿರಿಯಾನಿಗೆ ಮಾರ್ಕೊಂಡ ಕಣ್ರೋ!" ಅಂತ ಕೂಗಿದರು. ಅವನು ಹೊಡೆದ ಒಂದು ಚೆಂಡು ಕಂಬದ ಪಕ್ಕಕ್ಕೆ ಹೋಯಿತು. ಆಗ ಮೇಲಿನ ಬೀದಿಯವರು, "ಬೇಕಂತ್ಲೇ ಹೊರಗ್ ಹೊಡ್ದ! ಕೆಳಗಿನ ಬೀದಿ ಬುದ್ಧಿ!" ಅಂದರು.

ಅರ್ಧ ಆಟಕ್ಕೆ ಅಣ್ಣ ಬೂಟು ಬಿಚ್ಚಿದ. ಕ್ಯಾಪ್ಟನ್ ಕೈಗೆ ಕೊಟ್ಟು ಮೈದಾನದಿಂದ ಹೊರಗೆ ನಡೆದ. ದೊಡ್ಡ ಕ್ಲಬ್ಬಿನವರು ಬಂದಿದ್ದರೋ ಇಲ್ಲವೋ, ತಿರುಗಿಯೂ ನೋಡಲಿಲ್ಲ. ಮನೆಯಲ್ಲಿ ಅಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅಪ್ಪ ಬೇಡ ಅನ್ನಲಿಲ್ಲ.

ಕೆಲವು ತಿಂಗಳಾದ ಮೇಲೆ ಕ್ಷೌರದ ಅಂಗಡಿಯ ಪೇಪರಿನಲ್ಲಿ ಸುದ್ದಿ ಬಂತು. ಅರ್ಜೆಂಟೀನಾದವನು ವಾಪಸ್ ಬಂದಿದ್ದ, ಅದೇ ಟೀಮಿಗೆ. ಅದೇ ಜನ ಚಪ್ಪಾಳೆ ಹೊಡೆದರಂತೆ.

"ಕರೆದಿರ್ತಾರೆ ಬಿಡು," ಅಂದ ಅಣ್ಣ.

ಅಣ್ಣನನ್ನು ಯಾರೂ ಕರೆಯಲಿಲ್ಲ. ನಮ್ಮವರು ಅವನಾಗೇ ಬರಲಿ ಅಂದರು, ಮೇಲಿನ ಬೀದಿಯವರು ನಮಗ್ಯಾಕೆ ಅಂದರು. ಕರೆದಿದ್ದರೆ ಹೋಗುತ್ತಿದ್ದ, ನನಗೆ ಗೊತ್ತು. ಗ್ಯಾರೇಜಿಗೆ ಸೇರಿದ, ಮದುವೆಯಾದ, ಚೆನ್ನಾಗಿಯೇ ಬದುಕಿದ. ಹೋದ ವರ್ಷ ತೀರಿಕೊಂಡ. ತಿಥಿಯ ದಿನ ಇಲ್ಲಿಂದ ವಿಡಿಯೋದಲ್ಲಿ ಅವನ ಮಕ್ಕಳಿಗೆ, ನಿಮ್ಮಪ್ಪ ಫುಟ್‌ಬಾಲ್ ಆಡುತ್ತಿದ್ದ ಅಂದೆ.

"ಹೌದಾ ಅತ್ತೆ? ಅಪ್ಪ ಓಡಿದ್ದನ್ನೇ ನಾವು ನೋಡಿಲ್ಲ," ಅಂದರು.